ಬಲಗೆನ್ನೆಯ ಮಚ್ಚೆ

೧೯೮೮, ಜನವರಿ ೧೫, ಶುಕ್ರವಾರ. ಸವಣೂರು

ಸಿಮೆಂಟ್ ಅಂಗಡಿಯವರು ನನ್ನಿಂದ ಬೋರ್ಡು ಬರೆಸಿಕೊಂಡು ವರ್ಷಕ್ಕೊಂದು ಡೈರಿ ಪುಕ್ಕಟೆ ಕೊಡುತ್ತಾರೆ. ಇಷ್ಟು ವರ್ಷ ಅದರಲ್ಲಿ ಅಕ್ಷರಗಳ ನಮೂನೆ ಗೀಚುತ್ತಿದ್ದೆ. ಈ ವರ್ಷ ಸಿಟ್ಟು ಬರೆಯುತ್ತೇನೆ. ಯಾರೂ ಓದುವುದಿಲ್ಲವಾದ್ದರಿಂದ ಯಾರ ಮುಲಾಜೂ ಇಲ್ಲ.

ನಿನ್ನೆ ಸಂಕ್ರಾಂತಿ. ಕುಸುರೆಳ್ಳು ಕೊಡುವ ನೆಪ ಮಾಡಿಕೊಂಡು ಹತ್ತಿಮತ್ತೂರಿಗೆ ಹೋಗಿದ್ದೆ. ಯುಗಾದಿ ಕಳೆದ ಮೇಲೆ ನಮ್ಮ ಮೇಳದ ದೊಡ್ಡಾಟ ಇರುತ್ತದೆ, ತಾಲೀಮು ಯಾವತ್ತಿನಿಂದ ಎಂದು ಕೇಳುವುದಿತ್ತು. ಮೇಳದ ಗುರುಗಳಾದ ಲಕ್ಕಪ್ಪ ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತ ನನ್ನ ಹೊಟ್ಟೆಯನ್ನೇ ನೋಡಿದರು.

“ಗುದ್ಲ್ಯಾ, ಈ ಸಲ ನೀ ಮಂತ್ರಿ ಪಾರ್ಟು ಮಾಡು. ರಾಣಿ ಪಾರ್ಟು ಹೂವಪ್ಪಗ ಕೊಡೂಣು ಅಂತ ಮಾಡೇವಿ.”

“ಯಾಕ್ರಿ? ನಾ ಏನ್ ಸತ್ತೇನೇನ್ರಿ?”

“ಸತ್ತಿಲ್ಲೋ ಮಾರಾಯಾ, ದಪ್ಪ ಆಗೀದಿ. ರಾಣಿ ಯುದ್ಧಕ್ಕ ನಿಂತಾಗ ಕುಣೀಬೇಕು. ಹೋದ ವರ್ಷ ನೀ ಕುಣದಿ, ನಿನ್ನ ಉಸುರು ಹಿಂದಿನ ಸಾಲಿನ ಮಂದಿಗೂ ಕೇಳಿಸ್ತು.”

ಇಪ್ಪತ್ತೆರಡು ವರ್ಷ! ರಾಣಿ ಹೇಮಗಂಧಿ ಎಂದರೆ ಸುತ್ತಿನ ಊರುಗಳಲ್ಲಿ ನಾನೇ. ಗಂಡ ಸತ್ತಿದ್ದಾನೆ, ವೈರಿ ಕೋಟೆಯ ಬಾಗಿಲಿಗೆ ಬಂದಿದ್ದಾನೆ, ರಾಣಿ ಕಣ್ಣೀರು ಒರೆಸಿಕೊಂಡು ಕಚ್ಚೆ ಕಟ್ಟಿ ಖಡ್ಗ ಹಿಡಿಯುತ್ತಾಳೆ. ಆ ಹೊತ್ತಿಗೆ ನಾನು ಜಡೆಯನ್ನು ಹಿಂದಕ್ಕೆ ಬೀಸಿ ತಿರುಗಿದರೆ ಮಲಗಿದ್ದ ಕೂಸುಗಳೂ ಏಳುತ್ತಿದ್ದವು. ಈ ಪಾತ್ರಕ್ಕಾಗಿಯೇ ಇಪ್ಪತ್ತೆರಡು ವರ್ಷ ಮೀಸೆ ಬಿಟ್ಟಿಲ್ಲ. ಹೂವಪ್ಪ ಟ್ರ್ಯಾಕ್ಟರ್ ಹೊಡೆಯುವವನು, ಇಪ್ಪತ್ತನಾಲ್ಕರ ಪೋರ. ಅವನಿಗೆ ಸೆರಗು ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತಿಲ್ಲ.

ನಾನು ಬಿಡಲಿಲ್ಲ. ಕಡೆಗೆ ಫೆಬ್ರವರಿ ಇಪ್ಪತ್ತೊಂದಕ್ಕೆ ಹಿರಿಯರ ಎದುರು ಇಬ್ಬರೂ ಕುಣಿಯಬೇಕು, ಯಾರು ಛಲೋ ಅನ್ನಿಸುತ್ತಾರೋ ಅವರಿಗೆ ರಾಣಿ ಎಂದು ತೀರ್ಮಾನವಾಯಿತು. ಗೆಲ್ಲುವವನು ನಾನೇ. ಬರೆದಿಟ್ಟಿದ್ದೇನೆ.

ಜನವರಿ ೧೯, ಮಂಗಳವಾರ

ಬಸ್‌ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿರುವ ಜಮಾಲಸಾಬ ನನ್ನ ಜೊತೆ ಶಾಲೆಯಲ್ಲಿ ಒಂದನೆಯ ಇಯತ್ತೆಯಿಂದ ಓದಿದವನು. ಹುಬ್ಬಳ್ಳಿಯಿಂದ ಒಂದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ತಂದು ಅಂಗಡಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದಾನೆ. ಆಳೆತ್ತರದ ಪ್ಲೈವುಡ್ಡು, ಮುಂದೆ ಟಿ.ವಿ.ಯಂಥ ಗಾಜು, ಹಿಡಿಯಲು ಒಂದು ದಾಂಡು, ಒತ್ತಲು ಒಂದು ಗುಂಡಿ. ಎಂಟಾಣೆ ಹಾಕಿದರೆ ಗಾಜಿನೊಳಗೆ ಒಂದು ಗೊಂಬೆ ಎದ್ದು ನಿಲ್ಲುತ್ತದೆ. ಅದನ್ನು ಓಡಿಸಿ, ಕಂದಕ ಹಾರಿಸಿ, ಕೋಟೆಯ ಏಳು ಬಾಗಿಲು ದಾಟಿಸಬೇಕು. ಇನ್ನೂ ಯಾರೂ ಮೂರು ದಾಟಿಲ್ಲ. ಕಾಲೇಜು ಹುಡುಗರು ನಾ ಮೊದಲು ನೀ ಮೊದಲು ಎಂದು ನೂಕಾಡುತ್ತಿದ್ದರು.

ಪೆಟ್ಟಿಗೆಯ ಎರಡೂ ಬಗಲಿನ ಹಳೆಯ ಚಿತ್ರ ಕಿತ್ತುಹೋಗಿದೆ.

“ಒಬ್ಬ ಹೀರೋನ ಬರೀಪಾ,” ಎಂದ ಜಮಾಲ.

“ಯಾವ ಹೀರೋ?”

“ಒಳಗ ಓಡಾಕತ್ತಾನಲ್ಲ, ಅವ.”

ಬಗ್ಗಿ ನೋಡಿದೆ. ಹದಿನೈದಿಪ್ಪತ್ತು ಚೌಕ ಜೋಡಿಸಿದ ಗೊಂಬೆ. ಕಣ್ಣಿಲ್ಲ, ಮೂಗಿಲ್ಲ. ತಲೆಯ ಹಿಂದೆ ಮಾತ್ರ ನಾಲ್ಕು ಚೌಕದ ಒಂದು ಬಾಲ ಅಲ್ಲಾಡುತ್ತದೆ. ಅದು ರುಮಾಲಿನ ಚುಂಗು ಎಂದು ಜಮಾಲ. ನಾನು ಹುಡುಗರಿಂದ ಎಂಟು ಸಲ ಹಾರಿಸಿ ನೋಡಿದೆ. ರುಮಾಲಿನ ಚುಂಗು ಹಾರುವಾಗಲೇ ಮೇಲೇಳುತ್ತದೆ, ಅದಕ್ಕೆ ತೂಕವಿಲ್ಲ. ಇದು ಗೊಂಬೆ ನೆಲಕ್ಕೆ ಬಂದ ಮೇಲೆ ಎದ್ದು ಬೆನ್ನಿಗೆ ಬಡಿಯುತ್ತದೆ. ಅದು ಜಡೆ. ಇಪ್ಪತ್ತೆರಡು ವರ್ಷ ಬೆನ್ನಿಗೆ ಬಡಿಸಿಕೊಂಡವನಿಗೆ ಗೊತ್ತಾಗದೇ?

“ಜಮಾಲ, ಅವ ಅಲ್ಲ. ಆಕಿ.”

“ಯಾರರ ಇರಲಿ. ಜಲ್ದಿ ಬರಿ.”

ಜನವರಿ ೨೩, ಶನಿವಾರ

ಎರಡು ದಿನ ಅದೇ ಕೆಲಸ. ರಸ್ತೆಯ ಕಡೆಯ ಬಗಲಿಗೆ ರಾಣಿಯನ್ನು ಬರೆದೆ. ಹಸಿರು ಇಳಕಲ್ ಸೀರೆ, ಕಚ್ಚೆ, ಎತ್ತಿದ ಖಡ್ಗ, ಗಾಳಿಯಲ್ಲಿ ಜಡೆ. ಮುಖಕ್ಕೆ ಬಂದಾಗ ಬೇರೆ ಯಾರನ್ನು ಬರೆಯಲಿ? ಜಮಾಲನ ಕ್ಷೌರದ ಕನ್ನಡಿ ಇಸಿದುಕೊಂಡು ಪೆಟ್ಟಿಗೆಯ ಪಕ್ಕಕ್ಕೆ ತೂಗುಹಾಕಿ ನನ್ನ ಮುಖವನ್ನೇ ಬರೆದೆ. ಈಗಿನದಲ್ಲ, ಇಪ್ಪತ್ತನೆಯ ವಯಸ್ಸಿನದು. ಗದ್ದದ ಕೆಳಗಿನದನ್ನು ಕಡಿಮೆ ಮಾಡಿದೆ, ಕಣ್ಣಿನ ಸುತ್ತಿನದನ್ನು ಅಳಿಸಿದೆ. ಕೆನ್ನೆಯ ಮಚ್ಚೆಯನ್ನು ಮಾತ್ರ ಬಿಡಲಿಲ್ಲ. ಅದು ನಮ್ಮ ಮನೆತನದ ಗುರುತು. ನಮ್ಮಪ್ಪನಿಗಿತ್ತು, ನನಗಿದೆ, ಕರೆವ್ವನಿಗೂ ಇದೆ.

ಕರೆವ್ವ ನನ್ನ ಮಗಳು, ಹದಿನೇಳು ತುಂಬಿದೆ. ಏಳನೆಯ ಇಯತ್ತೆ ಮುಗಿಸಿದ ಮೇಲೆ ನನ್ನ ಜೊತೆಗೇ ಇದ್ದಾಳೆ. ನಾನು ಅಕ್ಷರದ ಗೆರೆ ಎಳೆದರೆ ಅವಳು ಬಣ್ಣ ತುಂಬುತ್ತಾಳೆ. ಇವತ್ತು ಬುತ್ತಿ ತಂದವಳು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು.

“ಅಪ್ಪಾ, ಯಾರ ಮಾರಿ ಇದು?”

“ಕಾಣೂದಿಲ್ಲೇನ? ನಂದು.”

ನಕ್ಕು, ಬುತ್ತಿ ಇಟ್ಟು ಹೋದಳು. ಜಮಾಲನೂ ನೋಡಿ, “ಹುಡುಗಿ ಮಾರಿ ಭಾಳ ಛಲೋ ಬಂದೈತಿ ನೋಡು,” ಎಂದ. ಈ ವಯಸ್ಸಿನಲ್ಲಿ ಇಂಥ ಮಾತು ಯಾರಿಗುಂಟು? ಖುಷಿಯಾಯಿತು.

ಜನವರಿ ೨೬, ಮಂಗಳವಾರ

ಝೆಂಡಾ ಹಾರಿಸಿ ಬಂದ ಕಾಲೇಜು ಹುಡುಗರು ಪೆಟ್ಟಿಗೆ ನೋಡಿ ನಿಂತೇಬಿಟ್ಟರು.

“ಇದು ಹೆಂಗಸರ ಆಟ ಏನ್ರಿ?”

“ಅದ ಆಟ, ಹೋದ ವಾರ ಆಡಿದ್ದ,” ಎಂದೆ.

“ಹಂಗಾರ ನಾವು ಹೆಂಗಸಾಗಿ ಓಡಬೇಕೇನು? ಒಲ್ಲೆಪ್ಪಾ.”

“ಓಡಿದ್ರ ಏನಾಗ್ತತಿ? ನಾ ಇಪ್ಪತ್ತೆರಡು ವರ್ಷ ಓಡೇನಿ. ಏನರ ಕಡಿಮಿ ಆಗೇತೇನ?”

ಎಲ್ಲರೂ ನನ್ನ ಹೊಟ್ಟೆ ನೋಡಿ ನಕ್ಕರು. ಒಬ್ಬನೂ ಆಡಲಿಲ್ಲ. ಎಂಥ ಮೂರ್ಖರು! ಒಳಗಿನ ಗೊಂಬೆಯ ಒಂದು ಚೌಕವನ್ನೂ ನಾನು ಮುಟ್ಟಿಲ್ಲ. ಹೊರಗೆ ಸೀರೆ ಉಡಿಸಿದ್ದಕ್ಕೆ ಇವರ ಗಂಡಸುತನಕ್ಕೆ ಜ್ವರ ಬಂದಿದೆ.

ಜನವರಿ ೩೦, ಶನಿವಾರ

ನಾಲ್ಕು ದಿನ ಪೆಟ್ಟಿಗೆ ಸುಮ್ಮನೆ ನಿಂತಿತು. ಜಮಾಲ ಮುಖ ಗಂಟಿಕ್ಕಿಕೊಂಡು ಬಂದ.

“ಗುದ್ಲೆಪ್ಪ, ಆ ಹುಡುಗಿಗೆ ಒಂದ್ ಮೀಸಿ ಬರದ ಬಿಡು. ಕಾಲು ಹಿಡೀತೇನಿ.”

“ನನ್ನ ಮಾರಿಗೆ ನಾ ಮೀಸಿ ಬರೀಲ್ಯಾ? ಸಾಧ್ಯ ಇಲ್ಲ.”

ಜೋರು ಜಗಳವಾಯಿತು. ಅವನ ಚಹಾ ಕುಡಿಯದೆ ಎದ್ದು ಬಂದೆ, ಅರ್ಧ ತಾಸಿಗೆ ತಿರುಗಿ ಹೋಗಿ ಕುಡಿದೆ. ಕಡೆಗೆ ನಾನೇ ಉಪಾಯ ಹೇಳಿದೆ. ರಾಣಿ ಇದ್ದಲ್ಲಿಯೇ ಇರಲಿ. ಅಂಗಡಿಯ ಕಡೆಯ ಇನ್ನೊಂದು ಬಗಲು ಖಾಲಿಯಿತ್ತು, ಅಲ್ಲಿ ಒಬ್ಬ ಗಂಡಸನ್ನು ಬರೆದೆ. ರುಮಾಲು, ಅಂಗಿ, ಗುರಾಣಿ, ಮೊಳದುದ್ದದ ಮೀಸೆ. ಕಣ್ಣು ಮೂಗು ಬರೆಯಲು ಮನಸ್ಸಾಗಲಿಲ್ಲ, ಕುಂಚ ತೊಳೆದುಬಿಟ್ಟೆ.

“ಇದಕ್ಕ ಮಾರೀನ ಇಲ್ಲಲ್ಲೋ!”

“ಮೀಸಿ ಐತಲ್ಲ. ಅವರಿಗೆ ಬೇಕಾದದ್ದು ಅಷ್ಟ.”

ಫೆಬ್ರವರಿ ೪, ಗುರುವಾರ

ನನ್ನ ಉಪಾಯ ಫಲಿಸಿದೆ. ಹುಡುಗರು ಮೀಸೆಯ ಕಡೆಯಿಂದ ಬಂದು ಗುಂಪುಗಟ್ಟುತ್ತಾರೆ. ರಾಣಿಯ ಕಡೆಯಿಂದ, ನಾನು ಎಣಿಸಿರದ ಮಂದಿ ಬರತೊಡಗಿದ್ದಾರೆ. ಹಾನಗಲ್ಲ ಬಸ್ಸಿಗೆ ಕಾಯುವ ಹೆಂಗಸರು, ಉರ್ದು ಶಾಲೆಯ ಹುಡುಗಿಯರು, ಇವತ್ತು ಎಲೆ ಮಾರುವ ಮುದುಕಿಯೊಬ್ಬಳು. ಮುದುಕಿ ಬುಟ್ಟಿ ಇಳಿಸಿ ದಾಂಡು ಹಿಡಿದು, “ಏ, ನಾ ಬಿದ್ನೆವ್ವಾ! ನಾ ಬಿದ್ನಿ!” ಎಂದು ಕೂಗಿದ್ದಕ್ಕೆ ಬಸ್‌ಸ್ಟ್ಯಾಂಡೆಲ್ಲ ತಿರುಗಿ ನೋಡಿತು. ಆಮೇಲೆ ಕಿವಿಗೊಟ್ಟು ಕೇಳಿದೆ. ಮೀಸೆಯ ಕಡೆಯವರೂ ಹಾಗೆಯೇ ಕೂಗುತ್ತಾರೆ. ನಾ ಹಾರಿದೆ, ನಾ ಸತ್ತೆ. ಅವನು ಸತ್ತ ಎಂದಾಗಲಿ ಅವಳು ಸತ್ತಳು ಎಂದಾಗಲಿ ಯಾರೂ ಅನ್ನುವುದಿಲ್ಲ.

ಹೆಂಗಸೊಬ್ಬಳು ಚಿತ್ರ ನೋಡಿ, “ಈಕಿನ್ನ ಎಲ್ಲೋ ನೋಡೇನಿ,” ಎಂದಳು. ನಾನು ಸ್ವಲ್ಪ ನೆಟ್ಟಗೆ ನಿಂತುಕೊಂಡೆ, ಗುರುತು ಹಿಡಿಯಲಿಲ್ಲ ಪಾಪ.

ಸಂಜೆ ಮನೆಯಲ್ಲಿ ತಾಲೀಮು. ಕರೆವ್ವ ಆಟದ ಪದ ಬರೆದಿಟ್ಟ ವಹಿ ಹಿಡಿದು ಕೂತು ನಾನು ತಪ್ಪಿದಲ್ಲಿ ಎತ್ತಿಕೊಡುತ್ತಾಳೆ. ವಹಿಯನ್ನು ತಲೆಕೆಳಗಾಗಿ ಹಿಡಿದಿದ್ದಳು! ಬೈದೆ. ನೋಡದೆ ಹೇಳಿದರೂ ತಪ್ಪಲಿಲ್ಲ, ಅದು ಬೇರೆ ಮಾತು. ಶಿಸ್ತು ಬೇಕಲ್ಲ. ನಾನು ಸುಧಾರಿಸಿಕೊಳ್ಳಲು ಕೂತಾಗ ಅವಳು ಹಿತ್ತಲಲ್ಲಿ ಯುದ್ಧದ ಹೆಜ್ಜೆ ಹಾಕುತ್ತಿದ್ದಳು. ಆ ಹೆಜ್ಜೆಗೆ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಚರಿಗೆ ಉರುಳಿ ಬಿತ್ತು. ಅದಕ್ಕೂ ಬೈದೆ.

ಫೆಬ್ರವರಿ ೮, ಸೋಮವಾರ

ಕರೆವ್ವ ಇವತ್ತು ಏಳನೆಯ ಬಾಗಿಲು ದಾಟಿದಳು.

ಜಮಾಲ ನನ್ನನ್ನು ಕೂಗಿ ಕರೆದ. ಹೋಗುವಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಒಂದು ವಾರದಿಂದ ಪಂಥ ನಡೆದಿತ್ತು: ಕೊನೆಯ ಬಾಗಿಲಿನಾಚೆ ಗೊಂಬೆಯ ನಿಜವಾದ ಚಿತ್ರ ಬರುತ್ತದೆ, ಅದು ಗಂಡೋ ಹೆಣ್ಣೋ ಅಲ್ಲಿ ತಿಳಿಯುತ್ತದೆ ಎಂದು. ನಾನು ಜಡೆಯನ್ನು ನಂಬಿ ಹೆಣ್ಣಿನ ಕಡೆಗೆ ಪಂಥ ಕಟ್ಟಿದ್ದೆ. ಕರೆವ್ವ ತುಟಿ ಕಚ್ಚಿ ದಾಂಡು ಹಿಡಿದಿದ್ದಳು. ಅವಳ ಕಾಲು ಕೆಳಗೆ ತಾಳ ಹಾಕುತ್ತಿತ್ತು, ಗೊಂಬೆ ಆ ತಾಳಕ್ಕೇ ಹಾರುತ್ತಿತ್ತು. ಏಳನೆಯ ಬಾಗಿಲು ತೆರೆಯಿತು. ಎಲ್ಲರೂ ಮುಂದೆ ಬಾಗಿದರು.

ಮತ್ತೆ ಮೊದಲನೆಯ ಬಾಗಿಲು. ಕಂದಕ ಅದೇ, ಗೊಂಬೆ ಅದೇ, ಓಟ ಮಾತ್ರ ಇನ್ನಷ್ಟು ಜೋರು.

“ಹೌದಲ್ಲ, ಇಷ್ಟನ?” ಎಂದು ಹುಡುಗರು ಬೇಜಾರಾದರು. ನನಗೂ ಬೇಜಾರಾಯಿತು. ಕರೆವ್ವನೊಬ್ಬಳು ಆಡುತ್ತಲೇ ಇದ್ದಳು.

“ಹೆಣ್ಣೋ ಗಂಡೋ ತಿಳೀಲಿಲ್ಲಲ್ಲವಾ,” ಎಂದೆ.

“ನಾ ಓಡಾಕತ್ತೇನಲ್ಲಪ್ಪಾ. ನಾನ ಅದು,” ಎಂದಳು, ಗಾಜಿನಿಂದ ಕಣ್ಣು ತೆಗೆಯದೆ.

ಫೆಬ್ರವರಿ ೧೧, ಗುರುವಾರ

ಯುದ್ಧದ ಕುಣಿತದಲ್ಲಿ ಮೊಣಕಾಲೂರಿ ಸುತ್ತು ತಿರುಗಿ ಏಳಬೇಕು. ಸುತ್ತು ತಿರುಗಿದೆ. ಏಳುವಾಗ ಎಡ ಮೊಣಕಾಲಿನಲ್ಲಿ ಏನೋ ಕಳಕ್ ಎಂದಿತು. ಸಣ್ಣ ಉಳುಕು. ಹೊನ್ನವ್ವ ಬಿಸಿ ಎಣ್ಣೆ ಹಚ್ಚಿದಳು. ನನ್ನ ಹೆಂಡತಿಯ ಕೈಗುಣ ದೊಡ್ಡದು, ಎರಡು ದಿನದಲ್ಲಿ ಸರಿಹೋಗುತ್ತದೆ.

ಫೆಬ್ರವರಿ ೧೩, ಶನಿವಾರ

ಸರಿಹೋಗಿಲ್ಲ. ಹೋಗುತ್ತದೆ.

ಫೆಬ್ರವರಿ ೨೧, ರವಿವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಹತ್ತಿಮತ್ತೂರಿಗೆ ಕರೆವ್ವನನ್ನು ಕರೆದುಕೊಂಡು ಹೋದೆ, ವಹಿ ಹಿಡಿಯಲು. ಮಾಸ್ತರರ ಅಂಗಳದಲ್ಲಿ ಹಿರಿಯರು ಕೂತಿದ್ದರು. ಹೂವಪ್ಪ ಬಂದ. ತುಟಿಯ ಮೇಲೆ ಹೊಸ ಮೀಸೆ! ತಿಳವಳ್ಳಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿದೆ.

“ಸೀರಿ ಉಟ್ಟು ಕುಣಿಯಾವಗ ಹೆಣ್ಣು ಕೊಡಂಗಿಲ್ಲ ಅಂದಾರ್ರಿ ಬೀಗರು. ನನ್ನ ಬಿಟ್ಟಬಿಡ್ರಿ,” ಎಂದು ಕೈ ಮುಗಿದ.

ಪೆಟ್ಟಿಗೆಯ ಮುಂದಿನ ಹುಡುಗರ ಮಾತೇ ಇವನ ಬಾಯಲ್ಲಿ. ಬೈಯಬೇಕೆನ್ನಿಸಿತು, ಆದರೆ ಒಳಗೊಳಗೆ ಹಿಗ್ಗಿದೆ. ಇನ್ನು ರಾಣಿ ನಾನೇ, ಎದುರಾಳಿಯೇ ಇಲ್ಲ.

“ಹಂಗಾರ ಗುದ್ಲ್ಯಾ, ಒಮ್ಮಿ ಕುಣದ ತೋರಸು,” ಎಂದರು ಮಾಸ್ತರರು.

ಶೋಕದ ಪದ ಹಾಡಿದೆ, ಹಿರಿಯರು ಕಣ್ಣೊರೆಸಿಕೊಂಡರು. ಯುದ್ಧದ ಪದ ಎತ್ತಿದೆ. “ಬಳೆಯ ಕೈಯೆಂದು ನಗಬೇಡವೊ ವೈರಿ...” ಮೊಣಕಾಲೂರಿದೆ. ಸುತ್ತು ತಿರುಗಿದೆ. ಏಳಲು ಹೋದೆ.

ಏಳಲು ಆಗಲಿಲ್ಲ.

ಮದ್ದಳೆ ಬಾರಿಸುತ್ತಲೇ ಇತ್ತು. ನಮ್ಮ ಮೇಳದ ಕಟ್ಟುನಿಟ್ಟು ಒಂದೇ: ಎತ್ತಿದ ಪದವನ್ನು ನಡುವೆ ಬಿಡಬಾರದು, ಬಿಟ್ಟರೆ ಆ ವರ್ಷ ಆಟವಿಲ್ಲ. ನನ್ನ ಬಾಯಿಂದ ಉಸಿರು ಬಿಟ್ಟರೆ ಏನೂ ಹೊರಡಲಿಲ್ಲ. ಆಗ ಬಾಗಿಲ ಕಡೆಯಿಂದ ದನಿ ಬಂತು. “ಬಳೆಯ ಸದ್ದಿಗೆ ಮೊದಲೇ ಖಡ್ಗ ಬಂದೀತು!” ಕರೆವ್ವ. ವಹಿ ನೆಲಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಿದ್ದಳು. ನಾನು ಕೂತಲ್ಲಿಂದ ನೋಡಿದೆ. ಮೊಣಕಾಲೂರಿದಳು, ತಿರುಗಿದಳು, ಎದ್ದಳು. ಜಡೆ ಬೆನ್ನಿಗೆ ಬಡಿಯಿತು. ಪದ ಮುಗಿಯುವ ತನಕ ಯಾರೂ ಕೆಮ್ಮಲಿಲ್ಲ.

ಮಾಸ್ತರರು, “ಪದ ಉಳಸಿದ್ಯವ್ವಾ. ಗಂಡು ಹುಡುಗ ಆಗಿ ಹುಟ್ಟಬೇಕಿತ್ತು ನೋಡು, ರಾಣಿ ಮಾಡ್ತಿದ್ದೆ ನಿನ್ನ,” ಎಂದರು.

ಬಸ್ಸಿನಲ್ಲಿ ನಾನು ಅವಳನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ.

ಫೆಬ್ರವರಿ ೨೨, ಸೋಮವಾರ

ನಾನು ಇನ್ನೂ ಬದುಕಿದ್ದೇನೆ. ನನ್ನ ಪದವನ್ನು ನನ್ನೆದುರೇ ಎತ್ತಿಕೊಳ್ಳಲು ಅವಳಿಗೆ ಯಾರು ಹೇಳಿದ್ದರು?

ಫೆಬ್ರವರಿ ೨೬, ಶುಕ್ರವಾರ

ನಾಲ್ಕು ದಿನದಿಂದ ಹಾಸಿಗೆ. ಮೊಣಕಾಲು ಕುಂಬಳಕಾಯಿಯಷ್ಟಾಗಿದೆ. ರಾಣಿಯಿಲ್ಲ, ಈ ವರ್ಷ ಆಟ ನಿಲ್ಲುತ್ತದೆ ಎಂದು ಸುದ್ದಿ. ಶಿಗ್ಗಾವಿಯ ಗೋಡೆ ಬರಹದ ಕೆಲಸಕ್ಕೆ ಕರೆವ್ವನೇ ಹೋಗಿ ಬಂದಳು, ಒಬ್ಬಳೇ. ಅಕ್ಷರ ಡೊಂಕಾಗಿಲ್ಲವಂತೆ.

ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತ ಕೇಳಿದಳು. “ಅಪ್ಪಾ, ನಾ ರಾಣಿ ಪಾರ್ಟು ಮಾಡ್ಲ್ಯಾ?”

ನನಗೆ ಎಲ್ಲಿತ್ತೋ ಸಿಟ್ಟು. “ಹೆಣ್ಣುಮಗಳು ಮಂದಿ ಮುಂದ ಕುಣದ್ರ ಜನ ಏನಂದಾರು? ನಾಳೆ ಯಾರ್ ಮಾಡ್ಕೋತಾರ ನಿನ್ನ?”

ರೊಟ್ಟಿ ಬಡಿಯುತ್ತಿದ್ದ ಹೊನ್ನವ್ವ ಕೈ ನಿಲ್ಲಿಸಿದಳು. “ಇಪ್ಪತ್ತೆರಡು ವರ್ಷ ನನ್ನ ಸೀರಿ ಉಟ್ಟು ಕುಣದ್ರಿ. ಆವಾಗ ಜನ ಏನಂದ್ರು, ನಾ ಕೇಳಲಿಲ್ಲರಿ. ನೀವೂ ಕೇಳಬ್ಯಾಡ್ರಿ.”

ಮತ್ತೆ ರೊಟ್ಟಿ ಬಡಿಯತೊಡಗಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನಗೆ ತಿರುಗಿ ಹೇಳಿದ ಮಾತು ಇದೇ ಮೊದಲು.

ಮಾರ್ಚ್ ೧, ಮಂಗಳವಾರ

ಕೋಲು ಹಿಡಿದು ಬಸ್‌ಸ್ಟ್ಯಾಂಡ್ ತನಕ ನಡೆದೆ. ಜಮಾಲ ಬೆಂಚು ಎಳೆದು ಕೊಟ್ಟ, ಪೆಟ್ಟಿಗೆಯ ರಾಣಿಯ ಎದುರಿಗೇ. ಎಲೆ ಮಾರುವ ಮುದುಕಿ ಆಡುತ್ತಿದ್ದಳು. ಕರೆವ್ವ ಅವಳಿಗೆ ಹೇಳಿಕೊಡುತ್ತ ಪೆಟ್ಟಿಗೆಗೆ ಒರಗಿ ನಿಂತಿದ್ದಳು, ಮುಖ ನನ್ನ ಕಡೆಗೆ.

ಚಿತ್ರದ ಮುಖ, ಅವಳ ಮುಖ ಒಂದರ ಪಕ್ಕ ಒಂದು ಕಂಡವು. ಎರಡೂ ಒಂದೇ.

“ಜಮಾಲ, ಆ ಚಿತ್ರ ಯಾರದು?”

“ಇದೇನ್ ಕೇಳ್ತೀಯೋ? ಕರೆವ್ವಂದು. ಊರಿಗೆಲ್ಲ ಗೊತ್ತೈತಿ. ಮಗಳ್ನ ಬರದಾನ ಅಂತ ಎಲ್ಲಾರೂ ಮಾತಾಡ್ತಾರ.”

“ನಾ ಬರದದ್ದು ನನ್ನ ಮಾರಿ.”

“ನಿನ್ನ ಮಚ್ಚಿ ಎಡಗಲ್ಲದ ಮ್ಯಾಲೆ ಐತಿ. ರಾಣಿದು ನೋಡು.”

ಬಲಗೆನ್ನೆ. ಕನ್ನಡಿ ನೋಡಿ ಬರೆದಿದ್ದೆನಲ್ಲ! ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಕಂಡ ಹಾಗೆಯೇ ಇಳಿಸಿಬಿಟ್ಟಿದ್ದೇನೆ. ಮೂವತ್ತು ವರ್ಷ ಕುಂಚ ಹಿಡಿದವನು ಮಾಡುವ ತಪ್ಪೇ ಇದು? ಮುಖದ ಮೇಲಿಂದ ವಯಸ್ಸು ಅಳಿಸಿದ್ದೆ, ಮಚ್ಚೆ ಬಲಕ್ಕೆ ಬಂದಿತ್ತು. ಕರೆವ್ವನ ಮಚ್ಚೆ ಬಲಗೆನ್ನೆಯ ಮೇಲಿದೆ. ಒಂದು ತಿಂಗಳಿನಿಂದ ಅವಳು ಖಡ್ಗ ಎತ್ತಿಕೊಂಡು ಇಲ್ಲಿ ನಿಂತಿದ್ದಾಳೆ, ಊರು ನೋಡಿದೆ, ನಾನೊಬ್ಬ ನೋಡಿಲ್ಲ.

“ನಿನಗ ಗೊತ್ತಿತ್ತೇನ?” ಎಂದು ಅವಳನ್ನೇ ಕೇಳಿದೆ.

“ಮೊದಲನೇ ದಿನಾನ ಗೊತ್ತಾತು. ನೀ ನಂದು ಅಂದಿ. ನಾ ಸುಮ್ನಾದೆ.”

ಚಹಾ ತಣ್ಣಗಾಯಿತು. ಅಳು ಬಂದಿತ್ತು ಎಂದು ಇಲ್ಲಿ ಬರೆದರೆ ತಪ್ಪೇನಿಲ್ಲ.

ಮಾರ್ಚ್ ೬, ರವಿವಾರ

ಹತ್ತಿಮತ್ತೂರು. ಮಾಸ್ತರರು ಪದ್ಧತಿಯ ಮಾತೆತ್ತಿದರು. ಹೆಣ್ಣಿನ ಪಾರ್ಟನ್ನು ಗಂಡಸರೇ ಮಾಡಬೇಕಂತೆ.

“ಮಾಸ್ತರರ, ಪ್ಯಾಟಿ ಹುಡುಗರು ಹೆಂಗಸಾಗಿ ಆಡಂಗಿಲ್ಲ ಅಂತಾರ. ಹೂವಪ್ಪನೂ ಒಲ್ಲೆ ಅಂದ. ನನ್ನ ಕಾಲು ಹೋತು. ಹೆಣ್ಣು ಮಾಡ್ತೇನಿ ಅಂದ್ರ ನೀವು ಬ್ಯಾಡ ಅಂತೀರಿ. ಹಂಗಾರ ರಾಣಿ ಯುದ್ಧಕ್ಕ ಹೋಗೂದ ಬ್ಯಾಡೇನ್ರಿ? ಕೋಟಿ ಬಾಗಲಾ ತಗದು ವೈರಿಗೆ ಚಹಾ ಕುಡಸೂಣೇನ್ರಿ?”

ಹಿರಿಯರಲ್ಲಿ ಒಬ್ಬರು ನಕ್ಕುಬಿಟ್ಟರು. ಮಾಸ್ತರರು ಎಲೆ ಉಗುಳಿ ಬಂದು ಕೂತರು. “ಎತ್ತಿದ ಪದ ಮುಗಿಸ್ಯಾಳ. ಅದನ್ನ ನಾ ಅಲ್ಲಗಳ್ಯಾಂಗಿಲ್ಲ. ಆದ್ರ ಒಂದ್ ಮಾತು. ಹುಡುಗಿ ಒಬ್ಬಾಕಿನ್ನ ಅಷ್ಟು ಗಂಡಸರ ನಡುವ ನಿಂದರಸಂಗಿಲ್ಲ. ಬೆಳಗಾಗೂತನಕ ಆಕಿ ಬಗಲಿಗೆ ನೀ ಇರಬೇಕು, ಮಂತ್ರಿ ಆಗಿ. ಮಾಡ್ತೀಯೇನು?”

“ಮಾಡ್ತೇನ್ರಿ.”

ಮಂತ್ರಿಯದು ಒಳ್ಳೆಯ ಪಾತ್ರ. ಮೊಣಕಾಲೂರುವ ಕೆಲಸವಿಲ್ಲ. ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ಮಾರ್ಚ್ ೧೫, ಮಂಗಳವಾರ

ಮೀಸೆ ಬಿಡುತ್ತಿದ್ದೇನೆ. ಇಪ್ಪತ್ತೆರಡು ವರ್ಷದ ಮೇಲೆ ಬರುತ್ತಿರುವುದರಿಂದ ಅದಕ್ಕೂ ದಾರಿ ಮರೆತಂತಿದೆ, ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ. ತುರಿಸುತ್ತದೆ.

ಕರೆವ್ವನಿಗೆ ಸೆರಗು ಕಲಿಸುತ್ತಿದ್ದೇನೆ. ಹೆಣ್ಣಾಗಿ ಹುಟ್ಟಿದವಳಿಗೆ ಸೆರಗು ಕಲಿಸುವುದೇ ಎಂದು ಹೊನ್ನವ್ವ ನಗುತ್ತಾಳೆ. ನಗಲಿ. ಮನೆಯ ಸೆರಗು ಬೇರೆ, ಆಟದ ಸೆರಗು ಬೇರೆ. ಹೇಳಿದ್ದನ್ನು ಕೇಳಿಕೊಂಡು ಕಡೆಗೆ ತನ್ನಂತೆಯೇ ಮಾಡುತ್ತಾಳೆ. ಖಡ್ಗ ಎತ್ತುವಾಗ ನಾನು ತಲೆ ಎತ್ತುತ್ತಿದ್ದೆ; ಇವಳು ತಲೆ ತಗ್ಗಿಸಿ ಕಣ್ಣು ಮಾತ್ರ ಎತ್ತುತ್ತಾಳೆ. ಯಾಕೆ ಎಂದು ಕೇಳಿದೆ.

“ಸಿಟ್ಟು ಬಂದಾಗ ಅವ್ವ ಹಿಂಗ ನೋಡ್ತಾಳಲ್ಲಪ್ಪಾ.”

ಹೌದು. ನನಗೆ ಯಾಕೆ ಹೊಳೆಯಲಿಲ್ಲವೋ. ಹಾಗೆಯೇ ಇರಲಿ ಎಂದೆ.

ಮಾರ್ಚ್ ೨೭, ರವಿವಾರ

ಬೆಳಗಿನ ಮೊದಲ ಬಸ್ಸಿಗೆ ಬಂದೆವು. ಕರೆವ್ವ ಮುಖದ ಅರದಾಳದ ಬಣ್ಣವನ್ನೂ ತೊಳೆಯದೆ ಮಲಗಿದ್ದಾಳೆ. ನನಗೆ ನಿದ್ದೆಯಿಲ್ಲ, ಬೇಕಾಗಿಯೂ ಇಲ್ಲ.

ನಿನ್ನೆ ರಾತ್ರಿಯ ಆಟಕ್ಕೆ ಅವಳಿಗೆ ಬಣ್ಣ ಹಚ್ಚಿದವನು ನಾನು. ಎಲ್ಲ ಹಚ್ಚಿ ಬಲಗೆನ್ನೆಯ ಮಚ್ಚೆಯನ್ನು ಬಿಟ್ಟೆ. ಮಾಸ್ತರರು ರಾಣಿಯ ಪಾತ್ರಧಾರಿ ಯಾರೆಂದು ಮಂದಿಗೆ ಹೇಳಲಿಲ್ಲ, ಆಟ ಮುಗಿಯುವ ತನಕ ತಿಳಿಯದಿರಲಿ ಎಂದರು.

ಮೊದಲ ಪ್ರವೇಶದಲ್ಲಿಯೇ ಒಂದು ಫಜೀತಿ. ಮಂತ್ರಿ ರಾಣಿಗೆ ನಡು ಬಗ್ಗಿಸಿ ಕೈ ಮುಗಿಯಬೇಕು. ನಾನು ಮುಗಿದೆ. ಅವಳು ಮರುಮಾತು ಹೇಳಲೊಲ್ಲಳು. ತಲೆಯೆತ್ತಿ ನೋಡಿದರೆ ಎರಡು ಹೆಜ್ಜೆ ಹಿಂದೆ ಸರಿದಿದ್ದಾಳೆ, ಕಣ್ಣಲ್ಲಿ ನೀರು. ಅಪ್ಪ ತನಗೆ ಕೈ ಮುಗಿಯುವುದನ್ನು ಅವಳು ತಾಲೀಮಿನಲ್ಲಿಯೂ ನೋಡುತ್ತಿರಲಿಲ್ಲ, ಆ ಹೊತ್ತಿಗೆ ಆಚೆ ಮುಖ ಮಾಡುತ್ತಿದ್ದಳು. ಮದ್ದಳೆ ಕಾಯುತ್ತಿತ್ತು. ನಾನು ಬಗ್ಗಿದಲ್ಲಿಂದಲೇ ಮೆಲ್ಲಗೆ ಗದರಿಸಿದೆ.

“ನೀ ಈಗ ರಾಣಿ. ನೆಟ್ಟಗ ನಿಂದ್ರು. ನನ್ನ ನಡಾ ನೋಯಾಕತ್ತೇತಿ.”

ನೆಟ್ಟಗೆ ನಿಂತಳು. ಆಮೇಲೆ ಬೆಳಗಿನ ತನಕ ಅವಳು ನನ್ನ ಮಗಳಾಗಿರಲಿಲ್ಲ. ಯುದ್ಧದ ಪದಕ್ಕೆ ಮೊಣಕಾಲೂರಿ ತಿರುಗಿ ಎದ್ದಾಗ ನನ್ನ ಎಡಗಾಲೂ ತಾನೇ ಎದ್ದ ಹಾಗೆ ಮಿಡಿಯಿತು. ಮಂದಿ ಶಿಳ್ಳೆ ಹೊಡೆದರು. ಆ ಶಿಳ್ಳೆ ನನಗಲ್ಲ ಎಂಬುದು ನನಗೆ ನೆನಪಾದದ್ದು ಬಸ್ಸಿನಲ್ಲಿ ಕೂತ ಮೇಲೆ.

ಆಟ ಮುಗಿದು ರಂಗದ ಹಿಂದೆ ಕಿರೀಟ ಬಿಚ್ಚುತ್ತಿದ್ದಾಗ ಅಜ್ಜಿಯೊಬ್ಬಳು ಕೋಲೂರಿಕೊಂಡು ಬಂದಳು. ನನ್ನ ಹಳೆಯ ಅಭಿಮಾನಿ. ಪ್ರತಿ ವರ್ಷ ನನಗೆ ದೃಷ್ಟಿ ತೆಗೆದು ಹೋಗುವವಳು. ಮೀಸೆಯಲ್ಲಿ ನನ್ನ ಗುರುತು ಹಿಡಿಯದೆ ಕೇಳಿದಳು.

“ಮಂತ್ರೀ, ರಾಣಿ ಪಾರ್ಟು ಮಾಡಿದ ಹುಡುಗ ಯಾವೂರವನಪಾ? ಥೇಟ್ ಹೆಣ್ಣಿನಂಗ ಮಾಡಿದ ನೋಡು. ಆ ಗುದ್ಲೆಪ್ಪನ್ನೂ ಮೀರಿಸಿದ. ಯಾರ ಮಗ ಆವ?”

ಇಪ್ಪತ್ತೆರಡು ವರ್ಷ ನಾನು ಕಾದದ್ದು ಥೇಟ್ ಹೆಣ್ಣಿನಂಗ ಎಂಬ ಮಾತಿಗಾಗಿ. ಮೇಳದಲ್ಲಿ ಅದಕ್ಕಿಂತ ದೊಡ್ಡ ಶಾಬಾಸ್ಕಿ ಇಲ್ಲ.

“ಮಗ ಅಲ್ಲಬೇ ಯವ್ವಾ,” ಎಂದೆ. “ಮಗಳು. ನನ್ನ ಮಗಳು. ಆ ಗುದ್ಲೆಪ್ಪ ನಾನ.”

ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ಕರೆವ್ವನ ಹತ್ತಿರ ಹೋಗಿ ಅವಳ ಬಲಗೆನ್ನೆ ಮುಟ್ಟಿ ನೋಡಿ, ಎರಡೂ ಕೈಯಿಂದ ದೃಷ್ಟಿ ತೆಗೆದಳು, ಲಟಿಕೆ ಮುರಿದಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ಮಾರ್ಚ್ ೩೦, ಬುಧವಾರ

ಜಮಾಲನ ಒತ್ತಾಯ: ಮೀಸೆಯವನಿಗೆ ಮುಖ ಬೇಕೇ ಬೇಕು. ಎರಡು ತಿಂಗಳಿನಿಂದ ಕಣ್ಣು ಮೂಗಿಲ್ಲದೆ ನಿಂತಿದ್ದಾನೆ, ಕೂಸುಗಳು ಅಂಜುತ್ತವೆ ಎನ್ನುತ್ತಾನೆ. ಅದೂ ಸರಿಯೇ. ಕುಂಚ ಹಿಡಿದು ಕರೆವ್ವನ ಜೊತೆ ಹೋದೆ, ಕನ್ನಡಿ ಕೇಳಿದೆ.

“ಕನ್ನಡಿ ಬ್ಯಾಡ,” ಎಂದಳು ಕರೆವ್ವ. “ನೀ ಕುಂದ್ರು. ನಾ ಬರೀತೇನಿ.”

ಬೆಂಚಿನ ಮೇಲೆ ಕೂರಿಸಿದಳು. ಮೀಸೆಯನ್ನು ಅಳತೆಗೆ ತಕ್ಕಂತೆ ಸಣ್ಣದು ಮಾಡಿದಳು, ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ. ಗದ್ದದ ಕೆಳಗಿನದನ್ನು ಬಿಡಲಿಲ್ಲ, ಕಣ್ಣಿನ ಸುತ್ತಿನದನ್ನೂ ಬಿಡಲಿಲ್ಲ. ಆಟವಾಡುತ್ತಿದ್ದ ಕಾಲೇಜು ಹುಡುಗರು ಎರಡೂ ಬಗಲಿಗೆ ನಿಂತು ನೋಡಿದರು. ಒಬ್ಬ ರಾಣಿಯ ಕಡೆಗೇ ನಿಂತು ದಾಂಡು ಹಿಡಿದು, ನಾ ಬಿದ್ದೆ, ನಾ ಬಿದ್ದೆ ಎಂದು ಒದರುತ್ತಿದ್ದ.

ಕೊನೆಗೆ ಸಣ್ಣ ಕುಂಚ ತೆಗೆದುಕೊಂಡು ಮಚ್ಚೆಗೆ ಬಂದಳು. ನಾನು ಕತ್ತು ತಿರುಗಿಸಿ ಯಾವ ಕೆನ್ನೆಗೆ ಇಡುತ್ತಾಳೆ ಎಂದು ನೋಡಲು ಹೋದೆ.

“ಅಲಗ್ಯಾಡಬ್ಯಾಡಪ್ಪಾ,” ಎಂದಳು.

ನಾನು ಅಲುಗಾಡಲಿಲ್ಲ.